ಎಡಗಡೆಯ ನೆಗ್ಗು

ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಇಬ್ಬರು ತಳ್ಳುತ್ತಿದ್ದರು, ಹೊರಗಿನಿಂದ ಇಬ್ಬರು ಎಳೆಯುತ್ತಿದ್ದರು, ನಡುವೆ ವೃಷಭೇಂದ್ರಪ್ಪ ನಿಂತುಕೊಂಡು ಯಾರಿಗೂ ಉಪಯೋಗವಿಲ್ಲದ ಸಲಹೆ ಕೊಡುತ್ತಿದ್ದರು. ಸತ್ತವರ ದೊಡ್ಡಪ್ಪನ ಮಗನಾದ್ದರಿಂದ ಇವತ್ತಿನ ಮಟ್ಟಿಗೆ ಮನೆಯ ಯಜಮಾನಿಕೆ ಅವರದು.

"ಕಾಲ ಮೇಕೆತ್ರಲಾ. ಮೇಜಿನ್ ಕಾಲು ಕಣ್ಲಾ, ನಿನ್ ಕಾಲಲ್ಲ."

ಇಷ್ಟಕ್ಕೆಲ್ಲ ಕಾರಣರಾದ ಸದಾಶಿವಪ್ಪ ನಡುಮನೆಯ ಗೋಡೆಗೆ ಒರಗಿ, ಸ್ನಾನ ಮುಗಿಸಿ, ಮೈತುಂಬ ವಿಭೂತಿ ಬಳಿಸಿಕೊಂಡು ಕೂತಿದ್ದರು. ಊರವರ ದರ್ಶನಕ್ಕೆ ಅವರನ್ನು ಜಗಲಿಯಲ್ಲಿ ಎತ್ತರಕ್ಕೆ ಕೂರಿಸಬೇಕು, ಅದಕ್ಕೆ ಮೇಜು ಬೇಕು. ಮಧುವನಹಳ್ಳಿಯ ಆ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಬೆಳಿಗ್ಗೆ ಕಾಫಿ ತಂದ ಹೆಂಡತಿ ಪುಟ್ಟಬಸಮ್ಮ ಗಂಡನನ್ನು ಕಂಡದ್ದೂ ಅದರ ಮೇಲೆಯೇ, ತಲೆಯಿಟ್ಟು ಮಲಗಿದ ಹಾಗೆ.

ಮೇಜು ವಾಲಿತು. ಅಂಟಿನ ಡಬ್ಬಿ, ಬ್ಲೇಡು, ಸೂಜಿಗಳು ಜಾರಿಬಿದ್ದವು. ಕೊನೆಗೆ ಜಾರಿದ್ದನ್ನು ಮಗಳು ಭವ್ಯಶ್ರೀ ಸೆರಗೊಡ್ಡಿ ಹಿಡಿದಳು.

ಅಂಗೈಯಷ್ಟು ಉದ್ದದ ಮಟಾಡೋರ್ ವ್ಯಾನು ಅದು. ಬಿಳಿ ಮೈ, ಹೊಟ್ಟೆಯ ಸುತ್ತ ನೀಲಿ ಪಟ್ಟೆ. ಹಿಂದಿನ ಗಾಜಿನ ಮೇಲೆ ಇರುವೆ ಬರೆದಂಥ ಅಕ್ಷರದಲ್ಲಿ 'ಮಾದಪ್ಪನ ಕೃಪೆ'. ಒಳಗೆ ಸ್ಟೇರಿಂಗಿನ ಮುಂದೆ ತೊಗರಿಕಾಳಿಗಿಂತ ಚಿಕ್ಕದೊಂದು ದೇವರ ಪಟ. ಅವಳ ಗಂಡ ಪ್ರಭುಸ್ವಾಮಿ ಹನೂರಿಂದ ಹೂಗ್ಯಂಗೆ ಜನ ತುಂಬಿಕೊಂಡು ಓಡಿಸುವ ಗಾಡಿಯೇ. ದೊಡ್ಡದು ಈಗ ಹೊರಗೆ ಹುಣಸೆಮರದ ಕೆಳಗೆ ನಿಂತಿತ್ತು.

ಒಂದೇ ವ್ಯತ್ಯಾಸ. ಚಿಕ್ಕದರ ಎಡಗಡೆಯ ಮುಂಭಾಗ, ದೀಪದ ಪಕ್ಕಕ್ಕೆ, ಒಳಕ್ಕೆ ನೆಗ್ಗಿತ್ತು. ದೊಡ್ಡದರಲ್ಲಿ ಅಂಥದ್ದೇನೂ ಇರಲಿಲ್ಲ.

ಆ ಎಡಗಡೆಯ ಮುಂದಿನ ಸೀಟಿನಲ್ಲಿ, ಕಿಟಕಿ ಪಕ್ಕ ಕೂರುವುದು ಅವಳ ಮಗಳು ದೀಪ. ಬೇರೆಲ್ಲಿ ಕೂರಿಸಿದರೂ ಹನೂರು ಮುಟ್ಟುವ ತನಕ ಅತ್ತು ಎಲ್ಲರ ಪ್ರಾಣ ತೆಗೆಯುತ್ತಿತ್ತು ಆ ಮಗು.

"ಅದೇನವ್ವಾ ಕೈಲಿ?" ವೃಷಭೇಂದ್ರಪ್ಪ ಕೇಳಿದರು. ಅದನ್ನು ಕಂಡೊಡನೆ ಕನ್ನಡಕ ಹಾಕಿಕೊಂಡರು. ಮೇಜು ಹಿಡಿದಿದ್ದವರು ಅದನ್ನು ಹೊಸಿಲ ಮೇಲೆಯೇ ಬಿಟ್ಟು ಬಂದರು. ಈ ಊರಿನಲ್ಲಿ ಆ ನೆಗ್ಗಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

*

ಸದಾಶಿವಪ್ಪ ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಭವ್ಯಶ್ರೀ ಇನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ, ಸೀರೆ ನೋಡಲು ಬಂದ ಪರದೇಶದವನೊಬ್ಬ "ನಿಮ್ಮ ಮಗನಿಗೆ" ಎಂದು ಒಂದು ಪೆಟ್ಟಿಗೆ ಕೊಟ್ಟುಹೋದ. ಮಗನಿಲ್ಲ ಎಂದು ಹೇಳುವಷ್ಟು ಇಂಗ್ಲಿಷ್ ಅವರಿಗೆ ಒದಗಲಿಲ್ಲ. ಪೆಟ್ಟಿಗೆಯ ಮೇಲೆ ಮಿರಮಿರ ಮಿಂಚುವ ಕೆಂಪು ಕಾರಿನ ಚಿತ್ರ. ಒಳಗೆ ಕಡ್ಡಿಕಡ್ಡಿಯಾಗಿ ಅಂಟಿಕೊಂಡ ಬೂದುಬಣ್ಣದ ಪ್ಲಾಸ್ಟಿಕ್ ಚೂರುಗಳು.

"ಒಡ್ದೋಗಿರದ್ನ ಕೊಟ್ಟು ಕಳಿಸವ್ನೆ," ಎಂದು ಪುಟ್ಟಬಸಮ್ಮ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು.

ಜೊತೆಗೆ ಬಾಣದ ಗುರುತುಗಳಿದ್ದ ಕಾಗದವೊಂದಿತ್ತು. ಅದನ್ನು ನೋಡಿ ಸದಾಶಿವಪ್ಪ ಉಗುರು ಕತ್ತರಿಸುವ ಕಟ್ಟರಿನಿಂದ ಒಂದೊಂದೇ ಚೂರು ಬಿಡಿಸಿ, ಉಜ್ಜಿ, ಅಂಟಿಸುತ್ತ ಹೋದರು. ಎಲ್ಲ ಮುಗಿದಾಗ ಸ್ಟೇರಿಂಗು ಎಡಗಡೆ ಬಂದಿತ್ತು. ಎರಡು ದಿನ ಅದನ್ನೇ ನೋಡುತ್ತ ಕೂತರು.

"ಎಡಗಡೆ ಕೂತ್ಕಂಡು ನಮ್ ರಸ್ತೇಲಿ ಓಡ್ಸಕ್ಕಾದದಾ?" ಎಂದು, ಕಾಯಿಸಿದ ಬ್ಲೇಡಿನಿಂದ ಕೊಯ್ದು ಬಲಗಡೆಗೆ ಹಾಕಿದರು. ಅದನ್ನು ಓಡಿಸುವವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು. ಅಲ್ಲಿಗೆ ನಿಲ್ಲಲಿಲ್ಲ. ಅಂಟಿಗೆ ಮರದ ಹೊಟ್ಟು ಕಲಸಿ ಮೂತಿ ತಿದ್ದಿದರು, ಚಾವಣಿ ಉಬ್ಬಿಸಿದರು. ಪರದೇಶದ ಕಾರು ಮೆಲ್ಲಗೆ ಅಂಗಡಿ ಯಜಮಾನರ ಅಂಬಾಸಿಡರ್ ಆಯಿತು. ಯಜಮಾನರು ಓಡುವ ಕಾರಿನಿಂದಲೇ ಎಲೆಅಡಿಕೆ ಉಗಿಯುತ್ತಿದ್ದರು. ಹಿಂದಿನ ಬಾಗಿಲ ಮೇಲೆ ಆ ಕೆಂಪು ಕಲೆಯೂ ಬಂತು. ಯಜಮಾನರಿಗೆ ಕಾರು ಹಿಡಿಸಿತು, ಕಲೆ ಹಿಡಿಸಲಿಲ್ಲ.

"ಅದ್ನ ವರ್ಸುಬುಡಿ ಸದಾಶಿವಪ್ಪ."

"ದೊಡ್ಡ ಕಾರಲ್ಲಿ ವರ್ಸಿ ಸಾ, ಇದ್ರಲ್ಲೂ ವರ್ಸ್ತೀನಿ."

ಜೀವಮಾನದಲ್ಲಿ ಅವರು ಯಜಮಾನರಿಗೆ ಕೊಟ್ಟ ಎದುರುತ್ತರ ಅದೊಂದೇ. ಆಮೇಲೆ ಬೆಂಗಳೂರಿಗೆ ಹೋಗಿಬರುವವರ ಕೈಲಿ ಪೆಟ್ಟಿಗೆ ತರಿಸಿಕೊಳ್ಳುವುದು ರೂಢಿಯಾಯಿತು. ಯಾವ ದೇಶದ ಯಾವ ಗಾಡಿ ಬಂದರೂ ಅವರ ಕೈಯಲ್ಲಿ ಕೊಳ್ಳೇಗಾಲದ ಗಾಡಿಯಾಗಿಯೇ ಹೊರಬೀಳುತ್ತಿತ್ತು.

ಊರವರು ಹೆದರಲು ಶುರುಮಾಡಿದ್ದು ಧನಗೆರೆ ಕೆಂಪನಂಜಪ್ಪನ ಜೀಪಿನಿಂದ. ಸದಾಶಿವಪ್ಪ ಮಾಡಿದ ಜೀಪಿನಲ್ಲಿ ಬಲಗಡೆಯ ದೀಪ ಒಡೆದಿತ್ತು. ನಿಜವಾದ ಜೀಪಿನ ಎರಡು ದೀಪವೂ ಥಳಥಳ ಹೊಳೆಯುತ್ತಿದ್ದವು. ನೋಡಿದವರು ನಕ್ಕರು. ವಾರದೊಳಗೆ ಬಲದೀಪ ಒಡೆಯಿತು. ಹನೂರು ರಸ್ತೆಯಲ್ಲಿ ವಾರವಿಡೀ ಓಡಿದ ಜೀಪಿನ ದೀಪ ಒಡೆಯದೆ ಉಳಿದಿದ್ದರೆ ಅದನ್ನು ಪವಾಡ ಎನ್ನಬೇಕಾಗಿತ್ತು, ಆದರೆ ಜನ ಒಡೆದದ್ದನ್ನೇ ಪವಾಡ ಎಂದರು. "ನಾನು ನೋಡ್ದಾಗ ಒಡ್ದಿತ್ತು ಕನಪ್ಪ, ಆಮ್ಯಾಕೆ ಹೊಸದಾಕ್ಸವ್ನೆ," ಎಂದು ಸದಾಶಿವಪ್ಪ ಎಷ್ಟು ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ಅವರಿಗೆ ಮುಂದಿನದು ಕಾಣುತ್ತದೆ ಎಂಬ ಮಾತು ಗಟ್ಟಿಯಾಯಿತು. ಹೊಸ ಗಾಡಿ ಕೊಂಡವರು ಅವರ ಬೀದಿ ತಪ್ಪಿಸಿ ಸುತ್ತುಬಳಸಿ ಹೋಗುವಂತಾಯಿತು.

*

"ಅವ್ವಾ, ನೀನು ನೋಡ್ದಾಗ ಅಪ್ಪ ಎಂಗಿದ್ರು?" ಭವ್ಯಶ್ರೀ ಅಡುಗೆಮನೆಯ ಮೂಲೆಯಲ್ಲಿ ತಾಯಿಯನ್ನು ಹಿಡಿದು ಕೇಳಿದಳು.

"ಮಕ ಕವುಚ್ಕಂಡಿದ್ರು. ಈ ಗಾಡಿ ಹಣೆ ಕೆಳಗಿತ್ತು."

"ಹಂಗಾರೆ ಅವರು ಬಿದ್ದೇಟ್ಗೆ ನಗ್ಗಿರ್ಬೇಕು. ಹಣೆಗೆ ಗಾಯ ಆಗಿತ್ತಾ?"

"ನಾನು ಹಣೆ ನೋಡ್ಲಾ, ಉಸ್ರು ನೋಡ್ಲಾ?" ಎಂದು ಪುಟ್ಟಬಸಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಹೊರಗೆ ಗುಂಡಿ ತೋಡುವ ಮಾರಯ್ಯ ಅಳತೆಗೆ ಬಂದಿದ್ದ. ಕೂತ ಹೆಣಕ್ಕೆ ಕೂತಷ್ಟೇ ಗುಂಡಿ, ಆದ್ದರಿಂದ ಬಿದಿರುಕಡ್ಡಿ ಹಿಡಿದು ನೆತ್ತಿಯ ತನಕ ಗುರುತು ಮಾಡಿಕೊಂಡ. ಆಚೆ ಬಂದವನಿಗೆ ಪುಟ್ಟಬಸಮ್ಮ ಒಂದು ಲೋಟ ಕಾಫಿ ಕೊಟ್ಟಳು.

"ನಿಮ್ಮತ್ಗೆ ಸೋಮಮ್ಮ ಎಂಗವ್ಳೆ ಮಾರಯ್ಯ?"

"ಅವ್ಳೆ ಕನವ್ವ. ಉಣ್ಣು ಅಂದ್ರೆ ಉಂಡಾಳು."

"ನಿಮ್ಮಣ್ಣನ್ ಮ್ಯಾಲೆ ಹತ್ಸಿದ ಗಾಡಿ ಗೊತ್ತಾಯ್ತಾ?"

"ಎಲ್ಲಿ ಗೊತ್ತಾದದು. ಆಷಾಡದಲ್ಲಿ, ಮಳೆ ಸಂಜೆ, ಹನೂರು ರಸ್ತೇಲಿ ಒಬ್ನೇ ನಡ್ಕಂಡು ಬತ್ತಿದ್ನಂತೆ. ಬಡ್ದು ಓಯ್ತಾ ಇರೋದು, ನಿಲ್ಸಿ ಒಂದು ಗುಟುಕು ನೀರು ಬುಡಬ್ಯಾಡ್ವಾ?" ಮಾರಯ್ಯ ಕಾಫಿ ಮುಗಿಸಿ ಲೋಟ ತೊಳೆದಿಟ್ಟ. "ಅವನ್ ಗುಂಡೀನೂ ನಾನೇ ತೋಡ್ದೆ."

ಜಗಲಿಯ ತುದಿಯಲ್ಲಿ ಕೂತಿದ್ದ ಪ್ರಭುಸ್ವಾಮಿ ಎದ್ದು, ಏನೋ ನೆನಪಾದವನಂತೆ ಗಾಡಿಯ ಕಡೆ ನಡೆದ.

ಕೊನೆಗೂ ಸದಾಶಿವಪ್ಪನವರು ಮೇಜು ಹತ್ತಿದರು. ಅಯ್ನೋರು ಮಂತ್ರ ಹೇಳುತ್ತಿದ್ದರು, ಹೆಂಗಸರು ಒಬ್ಬೊಬ್ಬರಾಗಿ ಪತ್ರೆ ಇಟ್ಟು ಕೈಮುಗಿಯುತ್ತಿದ್ದರು. ಭವ್ಯಶ್ರೀ ತನ್ನ ಸರದಿ ಬಂದಾಗ ತಟ್ಟೆಯಿಂದ ವಿಭೂತಿ ತೆಗೆದುಕೊಂಡಳು. ಹಚ್ಚುವವಳಂತೆ ಕೈಯಿಟ್ಟು ಹೆಬ್ಬೆರಳಿನಿಂದ ಒರೆಸಿದಳು. ಹಚ್ಚಿದ್ದೆಲ್ಲ ಉದುರಿ ತಂದೆಯ ರೆಪ್ಪೆಯ ಮೇಲೆ ಬಿತ್ತು.

"ಏನ್ ಮಾಡ್ತಿದ್ದೀಯವ್ವಾ?" ಅಯ್ನೋರು ಮಂತ್ರ ನಿಲ್ಲಿಸಿದರು.

ಹಣೆ ನುಣ್ಣಗಿತ್ತು. ಗೀರಿಲ್ಲ, ಕಂದಿಲ್ಲ, ತಗ್ಗಿಲ್ಲ. ಸೆರಗಿನ ಮರೆಯಲ್ಲಿದ್ದ ಪುಟ್ಟ ಗಾಡಿಯನ್ನು ಬೆಳಕಿಗೆ ತಿರುಗಿಸಿದಳು. ಬಿದ್ದ ಏಟಿಗೆ ನೆಗ್ಗಿದ್ದರೆ ಬಣ್ಣ ಬಿರಿಯಬೇಕಿತ್ತು. ನೆಗ್ಗಿನ ಒಳಗೂ ಬಣ್ಣ ಹದವಾಗಿ, ಮಡಿಕೆಮಡಿಕೆಗೂ ಇಳಿದು ಒಣಗಿತ್ತು. ಮೊದಲು ನೆಗ್ಗಿಸಿ, ಆಮೇಲೆ ಬಣ್ಣ ಹಚ್ಚಿದ್ದರು ಅಪ್ಪ.

*

ಶ್ರಾವಣದ ಮೊದಲಲ್ಲಿ ಸದಾಶಿವಪ್ಪ ಹನೂರಿಗೆ ಮಗಳ ಮನೆಗೆ ಬಂದಿದ್ದರು. ಬಂದವರು ಒಳಗೆ ಬರದೆ ಅಂಗಳದಲ್ಲಿದ್ದ ಮಟಾಡೋರಿನ ಸುತ್ತ ಎರಡು ಸುತ್ತು ಹಾಕಿದರು. ಎಡಗಡೆ ಬಾಗಿ ಅಂಗೈಯಿಂದ ಸವರಿದರು, ದನದ ಮೈ ಸವರುವ ಹಾಗೆ.

ಊಟಕ್ಕೆ ಕೂತಾಗ ಭವ್ಯಶ್ರೀ ಕೇಳಿದಳು. "ನಮ್ ಗಾಡಿನೂ ಮಾಡ್ತೀಯಾ ಅಪ್ಪ?"

"ಶುರು ಮಾಡಿವ್ನಿ ಮಗ. ಯಳಂದೂರಲ್ಲಿ ನೋಡ್ದೆ."

ಪ್ರಭುಸ್ವಾಮಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಅದಕ್ಕೂ ಹಿಂದಿನ ತಿಂಗಳು ಇಂಜಿನ್ ಕೆಲಸ ಎಂದು ಅವನು ಗಾಡಿಯನ್ನು ಯಳಂದೂರಿನ ಗ್ಯಾರೇಜಿನಲ್ಲಿ ಕೆಲವು ದಿನ ಬಿಟ್ಟಿದ್ದ.

"ನಮ್ದು ಬ್ಯಾಡಿ ಮಾವ," ಎಂದ. "ಜನ ಹೆದ್ರುಕತಾರೆ. ಆಮೇಕೆ ನನ್ ಗಾಡಿ ಯಾರು ಹತ್ತಾರು?"

"ಯಾಕ್ ಹೆದರ್ಬೇಕು? ನಾನು ಇಲ್ಲದ್ದ ಮಾಡಕ್ಕಿಲ್ಲ."

ಅಷ್ಟು ಹೇಳಿ ಸಾರು ಬಡಿಸಿಕೊಂಡರು. ಉಂಡಾದ ಮೇಲೆ ದೀಪಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಇದ್ದರು. ಏನಾದರೂ ಹೇಳುವುದಿದೆಯೇ ಎಂದು ಭವ್ಯಶ್ರೀಗೆ ಅನ್ನಿಸಿತ್ತು. ಹೇಳದೆ ಕೊನೆಯ ಬಸ್ಸಿಗೆ ಹೊರಟುಬಿಟ್ಟರು. ಅವರ ಸ್ವಭಾವವೇ ಅದಲ್ಲವೇ ಎಂದುಕೊಂಡಿದ್ದಳು.

*

ಮಣ್ಣು ಮಾಡಿ ಎಲ್ಲರೂ ಸ್ನಾನ ಮುಗಿಸುವಷ್ಟರಲ್ಲಿ ಬಿಸಿಲು ಹುಣಸೆಮರದ ಬುಡಕ್ಕೆ ಇಳಿದಿತ್ತು. ಹನೂರಿಂದ ಬಂದ ನೆಂಟರು ಕತ್ತಲಾಗುವ ಮುಂಚೆ ಊರು ಸೇರಬೇಕು ಎನ್ನುತ್ತಿದ್ದರು. ಆದರೆ ಯಾರೂ ಗಾಡಿ ಹತ್ತುತ್ತಿರಲಿಲ್ಲ. ದೀಪ ಮಾತ್ರ ಯಾವಾಗಲೋ ಏರಿ ತನ್ನ ಸೀಟಿನಲ್ಲಿ ಕೂತು ಕಿಟಕಿಯಿಂದ ಕಾಲು ಹೊರಹಾಕಿತ್ತು.

"ಕಾಣ್ತಾ ಕಾಣ್ತಾ ಎಂಗೆ ಹತ್ತಾದು?" ಎಂದರು ನೆಂಟರಲ್ಲೊಬ್ಬರು. "ಸತ್ತ ಮನುಸ ಕೊನೇಗೆ ಕೈಯಾಡಿಸಿದ್ದು ಅದರ್ ಮ್ಯಾಲೆ."

"ನಾನು ಬಸ್ಸಲ್ಲಿ ಬತ್ತೀನಿ. ಮಗೀನೂ ಕರ್ಕಂಡು ಬತ್ತೀನಿ," ಎಂದಳು ಭವ್ಯಶ್ರೀ.

"ಇವತ್ ಬಸ್ಸಲ್ಲಿ ಓಯ್ತೀಯಾ. ನಾಳೀಕೆ? ಗಾಡಿ ಮನೆ ಮುಂದೇ ಇರ್ತದಲ್ಲ," ಎಂದರು ವೃಷಭೇಂದ್ರಪ್ಪ. ಗಡ್ಡ ಕೆರೆದುಕೊಂಡು ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ಯಾರಿಗಾದರೂ ತೊಂದರೆಯಾಗುವುದುಂಟು. "ನೋಡಿ, ಚಿಕ್ಕದ್ರಲ್ಲಿ ನಗ್ಗದೆ. ದೊಡ್ಡದ್ರಲ್ಲಿ ಇಲ್ಲ. ಅದ್ಕೇ ಭಯ. ದೊಡ್ಡದ್ನೂ ನಾವೇ ನಗ್ಸುಬುಟ್ರೆ ಆಗ್ಬೇಕಾದ್ದು ಆಗೋಯ್ತದೆ. ಆಗೋಗಿರೋದು ಇನ್ನೊಂದ್ಸಲ ಯಾಕಾದದು?"

ಮಾತಿನಲ್ಲಿ ಕೊಂಕು ಹುಡುಕಲು ಯಾರಿಗೂ ಆಗಲಿಲ್ಲ. ಹೆಂಗಸರು ಸರಿ ಎಂದರು. ಪುಟ್ಟಬಸಮ್ಮ ಒಳಗಿನಿಂದಲೇ, "ಮಾಡಿ, ಮಗಿಗೆ ಏನೂ ಆಗ್ಬಾರ್ದು," ಎಂದಳು. ಮನೆಯವರು ಹೊಡೆಯಬಾರದು, ಹೊರಗಿನ ಕೈ ಆಗಬೇಕು ಎಂದು ತೀರ್ಮಾನವಾಯಿತು. ಹಾರೆ ತೊಳೆದುಕೊಂಡು ಊಟಕ್ಕೆ ಕಾದಿದ್ದ ಮಾರಯ್ಯನನ್ನು ಕರೆದರು.

"ಬ್ಯಾಡ," ಎಂದ ಪ್ರಭುಸ್ವಾಮಿ. "ಹುಚ್ಚಾ ನಿಮ್ಗೆಲ್ಲ? ಗಾಡಿ ಹೊಡ್ದು ಹಾಳ್ಮಾಡ್ತೀರಾ?"

"ಒಂದೇ ಒಂದು ಪೆಟ್ಟು ಕಣ್ಲಾ. ಮೆತ್ತಗೆ."

"ಹೊಡ್ಯಂಗಿದ್ರೆ ಬಲಗಡೆ ಹೊಡೀರಿ. ಎಡಗಡೆ ಬ್ಯಾಡ."

ವೃಷಭೇಂದ್ರಪ್ಪ ಅಳಿಯನ ಮುಖ ನೋಡಿದರು. "ನಗ್ಗಿರದು ಎಡಗಡೆ. ಬಲಗಡೆ ಹೊಡ್ದು ಯಾವ ದೇವರ್ಗೆ ಲೆಕ್ಕ ಹೇಳಣ?"

ಭವ್ಯಶ್ರೀ ಗಂಡನನ್ನೇ ನೋಡುತ್ತಿದ್ದಳು. ಅವನ ಕತ್ತು ಬೆವೆತಿತ್ತು. ಅಪ್ಪ ಸತ್ತ ಸುದ್ದಿ ಬಂದಾಗಲೂ ಅವನು ಹೀಗೆ ಬೆವೆತಿರಲಿಲ್ಲ.

"ಹೊಡಿ ಮಾರಯ್ಯ," ಎಂದಳು.

ಮಗುವಿಗೆ ತಾಗದಂತೆ ನೋಡಿಕೊಂಡು, ಮಾರಯ್ಯ ಹಾರೆಯ ಬುಡವನ್ನು ಗಾಡಿಯ ಎಡದೀಪದ ಪಕ್ಕಕ್ಕೆ ಇಟ್ಟು, ಅಳತೆ ಸರಿಯೇ ಎಂದು ಚಿಕ್ಕದನ್ನು ಒಮ್ಮೆ ನೋಡಿ, ನಿಧಾನಕ್ಕೆ ಒಂದು ಪೆಟ್ಟು ಕೊಟ್ಟ.

ತಗಡಿನ ಸದ್ದು ಬರಲಿಲ್ಲ. ಮಡಕೆ ಬಿರಿದಂಥ ಸದ್ದು ಬಂತು. ಬಿಳಿ ಬಣ್ಣದ ಹಪ್ಪಳವೊಂದು ಎದ್ದು, ಕೆಳಗೆ ಬಿದ್ದು ಹೋಳಾಯಿತು. ನೆಗ್ಗು ಮುಚ್ಚಲು ಗ್ಯಾರೇಜಿನವರು ಮೆತ್ತುವ ಲಪ್ಪದ ಗೇಣುದ್ದದ ತುಂಡು. ಅದರ ಹಿಂದೆ ತಗಡಿಗೆ ಬಳಿದ ಕೆಂಪು ತಳಬಣ್ಣ ಕಂಡಿತು. ತಗಡು ಒಳಕ್ಕೆ ನೆಗ್ಗಿತ್ತು, ಬಹಳ ಹಿಂದೆಯೇ ನೆಗ್ಗಿ ಅಂಚು ತುಕ್ಕು ಹಿಡಿದಿತ್ತು.

ವೃಷಭೇಂದ್ರಪ್ಪ ಚಿಕ್ಕ ಗಾಡಿಯನ್ನು ಪಕ್ಕಕ್ಕೆ ಹಿಡಿದು ಹೋಲಿಸಿ ನೋಡಿದರು. ಮೂರು ಮಡಿಕೆ ಇತ್ತ, ಮೂರು ಮಡಿಕೆ ಅತ್ತ. "ಸರ್ಯಾಗದೆ," ಎಂದರು ತೃಪ್ತಿಯಿಂದ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೇ ಏನೋ ತಟ್ಟಿ ಕೈ ಇಳಿಸಿದರು.

"ಯಾವಾಗ ಆಯ್ತು ಇದು?" ಭವ್ಯಶ್ರೀ ಕೇಳಿದಳು.

"ಹಸ," ಎಂದ ಪ್ರಭುಸ್ವಾಮಿ. "ಹಸ ಅಡ್ಡ ಬಂತು."

"ಯಾವಾಗ ಅಂದೆ."

ಅವನು ಕೆಳಗೆ ಬಿದ್ದ ಚೂರುಗಳನ್ನು ನೋಡುತ್ತ ನಿಂತ. ಯಳಂದೂರಿನಲ್ಲಿ ಗಾಡಿ ನಿಂತದ್ದು ಆಷಾಢದಲ್ಲಿ ಎಂದು ಅವಳಿಗೆ ಅವನು ಹೇಳಬೇಕಾಗಿರಲಿಲ್ಲ. ಅವಳು ಹೋಗಿ ಕಿಟಕಿಯಿಂದಲೇ ಮಗುವನ್ನು ಎತ್ತಿ ಇಳಿಸಿಕೊಂಡಳು. ಆಶ್ಚರ್ಯವೆಂದರೆ ದೀಪ ಅಳಲಿಲ್ಲ.

ಮಾರಯ್ಯ ಹಾರೆಯನ್ನು ಸದ್ದಾಗದಂತೆ ನೆಲದ ಮೇಲೆ ಮಲಗಿಸಿದ. ಹೆಗಲ ಮೇಲಿನ ಟವಲು ತೆಗೆದು ಕೈ ಒರೆಸಿಕೊಂಡ. ಯಾರ ಮುಖವನ್ನೂ ನೋಡಲಿಲ್ಲ. ಗಾಡಿಯ ಎಡಮೂಲೆಗೆ ಬಂದು, ಅದಕ್ಕೆ ಬೆನ್ನು ಕೊಟ್ಟು, ಹನೂರು ರಸ್ತೆಯ ಅಂಚು ಹಿಡಿದು ಮನೆಗೆ ನಡೆಯುವ ಅಣ್ಣನ ಹಾಗೆ ಮುಂದೆ ನೋಡುತ್ತ ನಿಂತ. ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ನೆಗ್ಗು ಅವನ ಸೊಂಟಕ್ಕೆ ಸರಿಯಾಗಿ ಕೂತಿತು.