ನೂರಿಪ್ಪತ್ತು ಮೀಟರ್ ಮುಂದೆ

ಪ್ರೊಫೆಸರ್ ಗಂಗಾಧರಪ್ಪನವರು ಮೂವತ್ತು ವರ್ಷ ಸಾರಿಗೆ ಎಂಜಿನಿಯರಿಂಗ್ ಪಾಠ ಹೇಳಿದರು. ಹನ್ನೊಂದು ಮಂದಿಗೆ ಪಿಎಚ್.ಡಿ. ಮಾಡಿಸಿದರು. ಇಷ್ಟೆಲ್ಲದರಲ್ಲಿ ನೆಲದ ಮೇಲೆ ನಿಂತು ಕಣ್ಣಿಗೆ ಕಾಣುವುದು ಒಂದೇ: ಶಿವಮೊಗ್ಗದ ಅಂಚಿನಲ್ಲಿ, ಭದ್ರಾವತಿಗೆ ಹೋಗುವ ರಸ್ತೆಯ ಬಸ್ ತಂಗುದಾಣ. ಹೊಂಗೆಮರದಡಿ ಬಸ್ಸು ನಿಂತರೆ ಸರ್ಕಲ್ಲೇ ಕಟ್ಟಿಕೊಳ್ಳುತ್ತದೆ, ಸ್ಟಾಪನ್ನು ನೂರಿಪ್ಪತ್ತು ಮೀಟರ್ ಮುಂದಕ್ಕೆ ಒಯ್ಯಬೇಕು ಎಂದು ಅವರ ವರದಿ ಹೇಳಿತ್ತು. ಒಯ್ದರು.

ಆ ವರದಿಗಾಗಿ ಇವತ್ತು ಭದ್ರಾವತಿಯಲ್ಲಿ ಸನ್ಮಾನ, ಹನ್ನೊಂದಕ್ಕೆ. ಸಂಘಟಕರು ಕಾರು ಕಳಿಸುತ್ತೇವೆಂದರೆ ಬೇಡವೆಂದರು. ನನ್ನ ತಂಗುದಾಣದಲ್ಲೇ ಬಸ್ಸು ಹತ್ತಿ ಬಂದೆ ಎಂದು ವೇದಿಕೆಯಲ್ಲಿ ಹೇಳಬೇಕೆಂಬ ಆಸೆ.

"ಇಪ್ಪತ್ತು ವರ್ಷದಿಂದ ಬಸ್ ಹತ್ತಿದೋರಲ್ಲ, ಇವತ್ತೇನು ಹರಕೆನಾ?" ಎಂದಿದ್ದರು ಹೆಂಡತಿ ಉಮಾಮಹೇಶ್ವರಿ.

ತಂಗುದಾಣದಲ್ಲಿ ಪ್ರಯಾಣಿಕರೇ ಇರಲಿಲ್ಲ. ಭೂತಪ್ಪ ಎಂಬವನು ಮೇಜು ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದ. ಕಂಬಿಯಲ್ಲಿ ಯಾರದೋ ಪ್ಯಾಂಟುಗಳು ನೇತಾಡುತ್ತಿದ್ದವು.

"ಷರ್ಟಾ ಸಾರ್, ಪ್ಯಾಂಟಾ?"

"ಬಸ್ಸಿಗೆ."

"ಬಸ್ಸಿಗಾ!" ಭೂತಪ್ಪ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದ. "ಮರದ ಹತ್ರ ಹೋಗಿ ಸಾರ್. ಇಲ್ಲಿ ಯಾರೂ ಬರಲ್ಲ, ಅದಕ್ಕೇ ನಾನು ಬಂದಿದ್ದು. ಕಟ್ಟಿಸಿದೋನು ಪುಣ್ಯಾತ್ಮ, ಮಳೆ ಬಂದ್ರೂ ಕೆಲಸ ನಿಲ್ಲಲ್ಲ."

"ಸ್ಟಾಪ್ ಇದೇ."

"ಹೌದು, ಬೋರ್ಡೂ ಇದೆ. ಡ್ರೈವರು ಓದ್ಬೇಕಲ್ಲ."

ಮೊದಲ ಬಸ್ಸು ಮರದಡಿ ತುಂಬಿಕೊಂಡು, ಇವರೆದುರು ಹಾರ್ನ್ ಹೊಡೆದು ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದರ ಕಂಡಕ್ಟರ್ ಬಾಗಿಲಲ್ಲಿ ಜೋತಾಡುತ್ತ ಕೂಗಿದ: "ಮರದ ಹತ್ರ ಬನ್ನಿ ಯಜಮಾನ್ರೇ!"

ಸರಾಸರಿ ಕಾಯುವ ಅವಧಿ ನಾಲ್ಕು ನಿಮಿಷ ಎಂದು ವರದಿಯಲ್ಲಿತ್ತು. ಐವತ್ತಾಗಿತ್ತು. ಫೋನು ಬಂತು.

"ಸಾರ್, ಎಲ್ಲಿದೀರಿ? ಎಲ್ಲಾ ಕಾಯ್ತಿದಾರೆ."

"ಸ್ಟಾಪಲ್ಲೇ ಇದೀನಿ."

ಮರದವರೆಗೆ ಎರಡು ನಿಮಿಷದ ನಡಿಗೆ. ನಡೆದರೆ ವರದಿಯನ್ನು ಅವರೇ ಸುಳ್ಳು ಮಾಡಿದಂತೆ. ಕದಲಲಿಲ್ಲ.

ಭೂತಪ್ಪನಿಗೇ ತಡೆಯಲಾಗಲಿಲ್ಲ. "ಎಂಥ ಹಟ ಮಾರಾಯ್ರೆ ನಿಮ್ದು," ಎಂದವನೇ ಗಂಟಿನಿಂದ ಯಾರದೋ ಕೆಂಪು ಸೀರೆ ಎಳೆದುಕೊಂಡು ರಸ್ತೆಯ ನಡುವೆ ನಿಂತು ಬೀಸಿದ. ನಾಲ್ಕನೆಯ ಬಸ್ಸು ಕಿರುಚಿ ನಿಂತಿತು. ಅದರ ಹಿಂದೆ ಲಾರಿ, ಲಾರಿಯ ಹಿಂದೆ ಆಟೋಗಳು. ಸಾಲು ಬೆಳೆದು ಸರ್ಕಲ್ಲು ಕಟ್ಟಿಕೊಂಡಿತು.

"ಏನ್ರೀ, ಬೆಂಕಿ ಬಿತ್ತಾ?" ಕಂಡಕ್ಟರ್ ರೇಗಿದ.

"ಸಾರ್ ಹತ್ಬೇಕು."

ಪ್ರೊಫೆಸರು ಹತ್ತಿದರು.

"ಇವತ್ತು ನಾನು ಆ ತಂಗುದಾಣದಲ್ಲೇ ಬಸ್ಸು ಹತ್ತಿ ಬಂದೆ," ಎಂದರು ವೇದಿಕೆಯಲ್ಲಿ. ಚಪ್ಪಾಳೆ ಬಹಳ ಹೊತ್ತು ಮೊಳಗಿತು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಸಂಜೆ ಸಂಘಟಕರ ಕಾರಿನಲ್ಲೇ ವಾಪಸಾದರು. ತಂಗುದಾಣ ಕಂಡಾಗ, "ಇಲ್ಲೇ ನಿಲ್ಸಪ್ಪ," ಎಂದರು.

"ಇಲ್ಲಿ ಬೇಡ ಸಾರ್, ಹಿಂದಿಂದ ಗಾಡಿಗಳು ಬರ್ತವೆ," ಎಂದ ಡ್ರೈವರ್. "ಮುಂದೆ ಮರ ಇದೆಯಲ್ಲ, ಅಲ್ಲಿ ನಿಲ್ಲಿಸ್ತೀನಿ."

ಗಂಗಾಧರಪ್ಪನವರು ಮರದೆದುರು ಇಳಿದರು. ಸನ್ಮಾನದ ಶಾಲು ಕಾರಿನಲ್ಲಿ ಕೂತು ಮುದುಡಿತ್ತು. ಅದನ್ನು ಹಿಡಿದು ರಸ್ತೆ ದಾಟಿ, ನೂರಿಪ್ಪತ್ತು ಮೀಟರ್ ನಡೆದು ತಂಗುದಾಣಕ್ಕೆ ಹೋದರು. ಇಸ್ತ್ರಿಗೆ ಕೊಡಬೇಕಿತ್ತು.