ಒಡೆದ ಗಂಟೆಗಳ ಬೀದಿ

ಕಡಲಿನಿಂದ ಬಹುದೂರದ ಒಂದು ಪಟ್ಟಣದಲ್ಲಿ ಕಂಚುಗಾರರ ಇಕ್ಕಟ್ಟಾದ ಬೀದಿಯೊಂದಿತ್ತು. ಅಲ್ಲಿಯ ಕಟ್ಟಳೆ ವಿಚಿತ್ರವಾದದ್ದು. ಎರಕದಲ್ಲಿ ಬಿರುಕು ಬಿಟ್ಟ ಗಂಟೆಯನ್ನು ಯಾರೂ ತಕ್ಷಣ ಕರಗಿಸುವಂತಿರಲಿಲ್ಲ. ಅದನ್ನು ತಮ್ಮ ಬಾಗಿಲಿಗೇ ತೂಗುಹಾಕಬೇಕು. ಹೋಗಿಬರುವವರೆಲ್ಲ ಅದನ್ನು ತಟ್ಟಿ, ಕಿವಿಗೊಟ್ಟು, ಆಡಿಕೊಳ್ಳಬೇಕು. ಅದೇ ಬೀದಿಯಲ್ಲಿ ಗಂಟೆ ಎರಕ ಹೊಯ್ಯುತ್ತಿದ್ದ ದೇಮವ್ವನ ಎದುರುಮನೆಯ ಮೋನಪ್ಪನಂತೂ ಇದಕ್ಕಾಗಿಯೇ ಹುಟ್ಟಿದವನಂತಿದ್ದ. "ಏನಕ್ಕಾ, ಇದು ಗಂಟೆಯೋ, ನೆಗಡಿಯಾದ ಎಮ್ಮೆಯೋ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಆದರೂ ನಾಡಿನಲ್ಲಿ ಹೆಸರಾದದ್ದು ದೇಮವ್ವನ ಗಂಟೆಗಳೇ. ಅವಳು ಹುಟ್ಟಿದಾಗ ಆಕಾಶದಲ್ಲಿ ಘಂಟಾನಾದ ಕೇಳಿಸಿತ್ತೆಂದು ಜನ ಹೇಳುತ್ತಿದ್ದರು. ಕೇಳಿಸಿಕೊಂಡವರು ಯಾರೆಂದು ವಿಚಾರಿಸಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಿದ್ದರು. ಕತೆ ಕರಾವಳಿಯ ರಾಜನ ಕಿವಿಗೂ ಬಿತ್ತು. ಅವನು ವಿಚಾರಿಸಲಿಲ್ಲ, ಅವಳನ್ನು ಕರೆತರಲು ಮೇನೆ ಕಳುಹಿಸಿದ.

ಮಬ್ಬು ಕವಿದಾಗ ಹಡಗುಗಳಿಗೆ ದಾರಿ ಹೇಳುವ ದೊಡ್ಡ ಗಂಟೆಯೊಂದು ಅವನ ಬಂದರಿಗೆ ಬೇಕಿತ್ತು. ಗುಡ್ಡದ ಮೇಲೆ ಕಲ್ಲುಹಾಸಿನ ಕುಲುಮೆ ಕಟ್ಟಿಸಿಕೊಟ್ಟು, "ಮಳೆಗಾಲದೊಳಗೆ ಗಂಟೆ ನುಡಿದರೆ ನೀನು ಈ ನಾಡಿನಲ್ಲೇ ನೆಲೆಸಬಹುದು. ಇಲ್ಲವಾದರೆ ಕುಲುಮೆ ಮುಚ್ಚಿಸುತ್ತೇನೆ" ಎಂದ. ಅಂಥ ಗಂಟೆಯನ್ನು ಎರಕ ಹೊಯ್ಯುವುದು ದೇಮವ್ವನ ಜೀವಮಾನದ ಆಸೆ. ಅವಳು ಒಪ್ಪಿದಳು. ಗುಟ್ಟು ಕಳುವಾಗದಿರಲೆಂದು ರಾಜ ಸುತ್ತಲೂ ಕಾವಲಿಟ್ಟ.

ಮೊದಲ ಗಂಟೆ ಬಿರುಕು ಬಿಟ್ಟಿತು. ಅಭ್ಯಾಸದಂತೆ ಅವಳು ಅದನ್ನು ಬಾಗಿಲಿಗೆ ತೂಗುಹಾಕಿದಳು. ಮಂತ್ರಿ ಗಾಬರಿಯಾಗಿ, "ತಾಯಿ, ನಿಮ್ಮ ಕೀರ್ತಿಯ ಗತಿಯೇನು!" ಎನ್ನುತ್ತ ಅದನ್ನು ಹೂಳಿಸಿಬಿಟ್ಟ. ಎರಡನೆಯದೂ ಒಡೆಯಿತು. ಆಸ್ಥಾನಿಕರು ಬಂದು ತಟ್ಟಿ, "ಅಮೋಘ ನಾದ" ಎಂದು ತಲೆದೂಗಿದರು. ಮೂರನೆಯದೂ ಒಡೆದಾಗ ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು.

"ಮೋನಪ್ಪನನ್ನು ಕರೆಸಿ" ಎಂದಳು ದೇಮವ್ವ.

"ಅವನು ನಿನ್ನ ವೈರಿ ಎನ್ನುತ್ತಾರಲ್ಲ?" ಎಂದ ರಾಜ.

"ಹೌದು ಪ್ರಭು. ಅದಕ್ಕೇ."

ಬಂದ ಮೋನಪ್ಪ ಕಾಲನ್ನೂ ತೊಳೆಯದೆ ಗಂಟೆಯನ್ನು ತಟ್ಟಿದ. "ಅಯ್ಯೋ ಅಕ್ಕಾ, ಅರಮನೆ ಊಟಕ್ಕೆ ಗಂಟೆಗೂ ಅಜೀರ್ಣವಾಗಿದೆಯಲ್ಲ!" ಆಮೇಲೆ ನಗು ನಿಲ್ಲಿಸಿ ಬಿರುಕಿನ ಅಂಚನ್ನು ಸವರಿದ. "ಒಳಗಿನ ಮಣ್ಣಿನ ಅಚ್ಚನ್ನು ಕಲ್ಲಿನಂತೆ ಬಡಿದಿದ್ದೀಯ. ಚಿಕ್ಕ ಗಂಟೆಗೆ ನಡೆದೀತು. ಇಷ್ಟು ಕಂಚು ಆರುತ್ತ ಕುಗ್ಗುವಾಗ ಅಚ್ಚೂ ಸ್ವಲ್ಪ ಬಗ್ಗಬೇಡವೆ? ಮಣ್ಣಿಗೆ ಕುದುರೆ ಲದ್ದಿ ಬೆರೆಸು. ಈಗ ಬೀದಿಯಲ್ಲೆಲ್ಲ ಹಾಗೇ ಮಾಡುತ್ತೇವೆ."

"ಯಾರ ಉಪಾಯ?"

"ಕುಂಬಾರರ ಗಂಗಿ ತನ್ನ ಒಲೆಗಳಿಗೆ ಬೆರೆಸುತ್ತಿದ್ದಳು. ನಾನು ಕದ್ದೆ. ನನ್ನಿಂದ ಉಳಿದವರು ಕದ್ದರು."

ನಾಲ್ಕನೆಯ ಗಂಟೆ ನುಡಿಯಿತು. ದೂರದ ದೋಣಿಗಳವರು ತಲೆಯೆತ್ತಿ ನೋಡಿದರು. ಹಿಗ್ಗಿದ ರಾಜ, ಏನು ಬೇಕಾದರೂ ಕೇಳು ಎಂದ. ಕಾವಲು ತೆಗೆಸಿ ಎಂದಳು.

"ಗುಟ್ಟು ಕಳುವಾಗಿಹೋಗುತ್ತದೆ!"

"ಹೋಗಲಿ ಪ್ರಭು. ನನ್ನಿಂದ ಯಾರೂ ಕದಿಯದಿದ್ದರೆ ನಾನು ಯಾರಿಂದ ಕದಿಯಲಿ?"

ಗುಡ್ಡದ ಮೇಲೆ ಎದುರುಮನೆಗೆ ಜಾಗವಿರಲಿಲ್ಲ. ದೇಮವ್ವ ಕೆಳಗೆ, ಹಡಗು ಕಟ್ಟುವ ಬಡಗಿಗಳ ಓಣಿಯಲ್ಲಿ ಕುಲುಮೆ ಹೂಡಿದಳು. ಮೋನಪ್ಪ ಎದುರಿಗೇ ಹೂಡಿದ. ಗಂಗಿ ಬಂದಳು, ಹಗ್ಗ ಹೊಸೆಯುವವರು ಬಂದರು. ಬಡಗಿಯೊಬ್ಬ ಗಂಟೆಯ ಅಚ್ಚನ್ನು ನೋಡಿ ಭಾರ ಎತ್ತುವ ರಾಟೆಗೆ ಕಂಚಿನ ಗಾಲಿ ಹಾಕಿಸಿದ. ಆ ರಾಟೆಯನ್ನು ನೋಡಿದ ಮತ್ತೊಬ್ಬ, ಹಡಗಿನ ತಳದ ನೀರೆತ್ತುವ ಯಂತ್ರವೊಂದನ್ನು ಜೋಡಿಸಿದ. ಅಂಥದ್ದನ್ನು ಆ ಪಟ್ಟಣವೂ ಕಂಡಿರಲಿಲ್ಲ, ಈ ಬಂದರೂ ಕಂಡಿರಲಿಲ್ಲ. ಓಣಿಯಲ್ಲಿ ಜಗಳ ಮಾತ್ರ ದಿನಕ್ಕೊಂದು ಹೆಚ್ಚಾಯಿತು.

ಇತ್ತ ರಾಜ, ಖಾಲಿ ಉಳಿದ ಕುಲುಮೆಗೆ ತನ್ನ ಟಂಕಸಾಲೆಯನ್ನು ಸಾಗಿಸಿ, ಮತ್ತೆ ಕಾವಲಿಟ್ಟ. ನಾಣ್ಯಗಳ ಮೇಲಿನ ಅವನ ಮುಖದಲ್ಲಿ ಮೂಗೇ ಮೂಡಲಿಲ್ಲ. ಆ ಮಾತನ್ನು ಅವನಿಗೆ ಹೇಳಿದವರೂ ಇರಲಿಲ್ಲ. ಕಡೆಗೆ ಅವನೇ ಕಂಡುಕೊಂಡ.

ಒಂದು ಬೆಳಿಗ್ಗೆ ಅವನು ಗುಡ್ಡವಿಳಿದು ದೇಮವ್ವನ ಬಾಗಿಲಿಗೆ ಬಂದ. "ಈ ಓಣಿಯಲ್ಲಿ ನಮ್ಮ ಟಂಕಸಾಲೆಗೊಂದು ಜಾಗ ಸಿಕ್ಕೀತೆ?"

ದೇಮವ್ವ ಕೈಯೊರೆಸಿಕೊಂಡು ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಗೋಡೆಗೂ ಗೋಡೆಗೂ ನಡುವೆ ಕೈ ತೂರುವಷ್ಟೂ ಎಡೆಯಿರಲಿಲ್ಲ.

"ಯಾರಾದರೂ ಒತ್ತರಿಸಿಕೊಂಡು ಜಾಗ ಕೊಟ್ಟಾರು ಪ್ರಭು. ಆದರೆ ಬಳೆಗಾರರು ಮೊದಲೇ ಕೇಳಿಟ್ಟಿದ್ದಾರೆ. ತಾವು ಅವರ ಹಿಂದೆ."