ಬೆರಳ ಮೇಲಿನ ದಾರ

ಫ್ಯಾನಿನ ಗಾಳಿಗೆ ಗಾಳದ ದಾರದ ತುದಿ ಅಲ್ಲಾಡುತ್ತಿದೆ, ಗಾಜಿನ ಕಪಾಟಿನ ಮೇಲೆ ಸಾಲಾಗಿಟ್ಟ ಮೂರು ಸುರುಳಿಗಳಲ್ಲಿ ನಡುವಿನದರ ತುದಿ, ನೋಡಿದರೆ ಕಾಣುತ್ತದೆ, ಮುಟ್ಟಿದರೆ — ಈಗಲೇ ಮುಟ್ಟಬಾರದು, ಅಂಗಡಿಯವನು ನೋಡುತ್ತಿದ್ದಾನೆ, ಎಡಗೈಯಲ್ಲಿ ಮುಟ್ಟು, ಎಡಗೈಗೆ ಏನೂ ಆಗಿಲ್ಲ, ಹಾ, ತಣ್ಣಗಿದೆ, ನುಣ್ಣಗಿದೆ, ದಾರವೆಂದರೆ ಹೀಗಿರಬೇಕು. ಎಲ್ಲ ಆ ಹಳೇ ದಾರದ್ದೇ ತಪ್ಪು. ಅದಕ್ಕೇ ಅಲ್ಲವೇ ಅವನು ಶುಕ್ರವಾರ ಮಧ್ಯಾಹ್ನ ತನ್ನ ಸಲೂನಿನ ಬಾಗಿಲು ಅರ್ಧಕ್ಕೆಳೆದು, ಹತ್ತು ನಿಮಿಷದಲ್ಲಿ ಬರುತ್ತೇನೆ ಅಂತ ಬೋರ್ಡು ತೂಗುಹಾಕಿ, ದಾರ ಸುತ್ತಿದ ರೀಲನ್ನು ಚೀಲಕ್ಕೆ ತುರುಕಿಕೊಂಡು ರಸ್ತೆ ದಾಟಿ ಈ ಗಾಳದ ಅಂಗಡಿಗೆ ಬಂದದ್ದು. ದಾರ ಬದಲಾಯಿಸಿದರೆ ಸರಿಹೋಗುತ್ತದೆ, ಸರಿಹೋಗಲೇಬೇಕು, ಭಾನುವಾರದ ಹಾಗೆ ಇನ್ನೊಮ್ಮೆ ಆಗಬಾರದು — ದೋಣಿ ಅಲ್ಲಾಡದೆ ನಿಂತಿತ್ತು, ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಹುಳ ತಳಕ್ಕಿಳಿದಿತ್ತು, ಅವನು ಎಂದಿನಂತೆ ದಾರವನ್ನು ಬಲಗೈ ತೋರುಬೆರಳ ಮೇಲೆ ತೇಲಿಸಿಕೊಂಡು ಕಾಯುತ್ತಿದ್ದ, ಬಾಸ್ ಮೀನು ಹುಳ ಬಾಯಿಗೆ ಹಾಕಿಕೊಂಡರೆ ಒಂದೇ ಒಂದು ಟಕ್, ಅಷ್ಟೇ, ಆ ಟಕ್ ಬಂದರೆ ಎಳೆಯಬೇಕು, ಬರಲಿಲ್ಲ, ಬರಲೇ ಇಲ್ಲ, ಪಕ್ಕದಲ್ಲಿ ಕೂತ ಭಾಮೈದ ಕಿರುಚಿದ, ಭಾವ, ಎಳೀರಿ, ಏನ್ ನಿದ್ದೆ ಮಾಡ್ತಿದೀರಾ, ದಾರ ಆಚೆ ಕಡೆ ಓಡ್ತಾ ಇದೆ! ಓಡುತ್ತಿತ್ತು. ಕಣ್ಣಿಗೆ ಕಂಡಿತು, ಬೆರಳಿಗೆ ಗೊತ್ತಾಗಲಿಲ್ಲ. ಒಂದಲ್ಲ, ಮೂರು ಮೀನು. ಮೂರನೆಯದಕ್ಕೆ ಭಾಮೈದ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ದಾರ ಹಳೇದು ಕಣಯ್ಯ, ಹಿಗ್ಗಿ ಹೋಗಿದೆ, ಅಂದ ಅವನು. ಹೂಂ ಭಾವ, ಹಿಗ್ಗಿರುತ್ತೆ.

ಏನಣ್ಣ, ಮುಖ ಯಾಕೆ ಹೀಗೆ ಬಾಡಿದೆ, ಮೀನು ತಪ್ಪಿದ್ದಕ್ಕೆ ಯಾರಾದ್ರೂ ಹೀಗೆ ಕೊರಗ್ತಾರಾ — ಇವನು ಗಂಟಣ್ಣ, ಈ ಅಂಗಡಿಯವನು, ಹುಟ್ಟಿದಾಗ ಇಟ್ಟ ಹೆಸರು ಅವನಿಗೇ ಮರೆತಿರಬೇಕು, ಕಣ್ಣು ಮುಚ್ಚಿಕೊಂಡು ಗಂಟು ಹಾಕುತ್ತಾನೆ ಅಂತ ಊರೆಲ್ಲ ಹಾಗೇ ಕರೆಯುತ್ತದೆ, ಬುಧವಾರ ಬುಧವಾರ ಸಲೂನಿಗೆ ಬಂದು ಗಡ್ಡ ಮಾಡಿಸಿಕೊಂಡು ಹೋಗುತ್ತಾನೆ, ಮೊನ್ನೆ ಬುಧವಾರವೂ ಬಂದಿದ್ದ, ಏನೂ ಆಗಲಿಲ್ಲ, ಮೊನ್ನೆ ಚೆನ್ನಾಗಿಯೇ ಆಯಿತು, ಅಲ್ಲವೇ, ನಿಧಾನ ಮಾಡಿದೆ ಅಷ್ಟೇ. ನೋಡಣ್ಣ, ಇದು ನೈಲಾನು, ನಿನ್ನ ಹತ್ರ ಇದ್ದದ್ದೇ, ಮೆತ್ತಗಿರುತ್ತೆ, ಗಂಟು ಕಚ್ಚುತ್ತೆ, ಆದ್ರೆ ಎಳೆದ್ರೆ ಹಿಗ್ಗುತ್ತೆ, ಅಲ್ಲಿ ಮೀನು ತಿಂದ ಸುದ್ದಿ ಇಲ್ಲಿಗೆ ಬರೋದ್ರೊಳಗೆ ಊಟ ಮುಗಿಸಿ ಕೈ ತೊಳ್ಕೊಂಡು ಹೋಗಿರುತ್ತೆ. ಕೇಳಿದೆಯಾ, ಹಿಗ್ಗುತ್ತದೆ, ಅವನೇ ಹೇಳುತ್ತಿದ್ದಾನೆ, ತಪ್ಪು ದಾರದ್ದೇ. ಇದು ಫ್ಲೋರೋಕಾರ್ಬನ್, ನೀರಲ್ಲಿ ಕಾಣಲ್ಲ, ಮುಳುಗುತ್ತೆ, ಆದ್ರೆ ಬಿರುಸು ಜಾಸ್ತಿ, ನಿನ್ನ ಈ ಸ್ಪಿನ್ನಿಂಗ್ ರೀಲಿಗೆ ಪೂರ್ತಿ ಇದನ್ನೇ ಸುತ್ತಿದ್ರೆ ಸ್ಪ್ರಿಂಗ್ ಥರ ಚಿಮ್ಮಿ ಸಿಕ್ಕಾಗಿ ಕೂರುತ್ತೆ, ಆಮೇಲೆ ನನ್ನ ಬೈತೀಯ. ಮತ್ತೆ ಇದು — ಬಿಳೀದು, ಹಾಲಿನಂಥ ಬಿಳಿ — ಇದು ಹೆಣೆದ ದಾರ, ಎಂಟು ಎಳೆ, ನೂಲಿನಷ್ಟು ತೆಳು, ಹಿಗ್ಗೋ ಮಾತೇ ಇಲ್ಲ, ತುದಿಗೆ ಎರಡು ಮಾರು ಫ್ಲೋರೋ ಗಂಟು ಹಾಕಿಕೊಡ್ತೀನಿ, ಮೀನಿನ ಕಣ್ಣಿಗೂ ಬೀಳಲ್ಲ, ಮೀನು ಉಸಿರು ಬಿಟ್ರೂ ಬೆರಳಿಗೆ ಗೊತ್ತಾಗುತ್ತೆ ನೋಡು. ಬೆರಳಿಗೆ. ಯಾಕೆ ಹಾಗಂದ, ಬೇಕೆಂದೇ ಅಂದನೇ, ಹೆಂಡತಿ ಏನಾದರೂ ಬಾಯಿಬಿಟ್ಟಳೇ, ಇಲ್ಲ, ಅವಳಿಗೂ ಪೂರ್ತಿ ಗೊತ್ತಿಲ್ಲ, ಅನುಮಾನ ಮಾತ್ರ, ಆವತ್ತು ಒಲೆಯ ಮೇಲಿಂದ ಹಾಲಿನ ಪಾತ್ರೆ ಬರಿಗೈಯಲ್ಲಿ ಇಳಿಸಿದಾಗ, ಏನ್ರೀ, ಸುಡಲ್ವಾ ನಿಮಗೆ? ಇಪ್ಪತ್ತಾರು ವರ್ಷ ಕತ್ತಿ ಹಿಡಿದ ಕೈ ಕಣೇ, ಎಮ್ಮೆ ಚರ್ಮ ಆಗಿದೆ. ನಗಲಿಲ್ಲ ಅವಳು, ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು, ಬೊಬ್ಬೆ ಎದ್ದಿದೆ ನೋಡ್ರೀ, ಸೋಮವಾರ ಡಾಕ್ಟರ ಹತ್ರ ಹೋಗೋಣ. ಹೋಗೋಣ ಹೋಗೋಣ. ಎಷ್ಟು ಸೋಮವಾರ ಕಳೆದವು, ನಾಲ್ಕೋ, ಐದೋ. ಡಾಕ್ಟರು ಏನು ಹೇಳುತ್ತಾರೆಂದು ಗೊತ್ತಿದ್ದರೆ ಹೋಗಬಹುದಿತ್ತು, ಗೊತ್ತಿಲ್ಲದ್ದಕ್ಕೆ ಹೆದರಿಕೆ, ಗೊತ್ತಿರುವುದಕ್ಕೆ ಇನ್ನೂ ಹೆದರಿಕೆ, ಕತ್ತಿ ಕೆಳಗಿಡು ಅಂದುಬಿಟ್ಟರೆ ಅವನಿಗೆ ಇನ್ನೇನು ಬರುತ್ತದೆ, ಆ ಕುರ್ಚಿ, ಆ ಕನ್ನಡಿ, ಕುತ್ತಿಗೆಯ ಮೇಲೆ ಕತ್ತಿ ಸರ್ರನೆ ಸರಿಯುವಾಗ ಬೆರಳಿಗೆ ಬರುತ್ತಿದ್ದ ಆ ಸಣ್ಣ ಗುನುಗು, ಒಂದೊಂದು ಕೂದಲೂ ಕತ್ತರಿಸಿದ್ದು ಗೊತ್ತಾಗುತ್ತಿತ್ತು, ಚರ್ಮ ಎಲ್ಲಿ ಸಡಿಲ, ಎಲ್ಲಿ ಗುಳ್ಳೆ, ಕಣ್ಣು ಬೇಕಾಗಿರಲಿಲ್ಲ, ಬೆರಳೇ ನೋಡುತ್ತಿತ್ತು. ಮತ್ತೆ ಹೋದ ಶನಿವಾರ. ಬೇಡ, ಅದು ಬೇಡ. ಹೆಡ್‌ಮೇಷ್ಟ್ರು — ರಿಟೈರಾಗಿ ಹದಿನೈದು ವರ್ಷವಾದರೂ ಹೆಡ್‌ಮೇಷ್ಟ್ರೇ — ಒಂಬತ್ತು ಗಂಟೆಗೆ ಬಂದು ಕುರ್ಚಿಗೆ ಒರಗಿದರೆಂದರೆ ನಿದ್ದೆ, ಮನೇಲಿ ನಿದ್ದೆ ಬರಲ್ಲ ಕಣಪ್ಪ, ನಿನ್ನ ಕತ್ತಿ ಕೆಳಗೆ ಬರುತ್ತೆ, ಅನ್ನುತ್ತಾರೆ, ಕುತ್ತಿಗೆಯ ಚರ್ಮ ಒಣಗಿ ಜೋತುಬಿದ್ದಿದೆ, ಎಳೆದು ಹಿಡಿದು ಸರಿಸಬೇಕು, ಸರಿಸಿದ, ಏನೂ ತಿಳಿಯಲಿಲ್ಲ, ಏನೆಂದರೆ ಏನೂ, ಕಿವಿಯ ಕೆಳಗೆ ಬಿಳೀ ನೊರೆಯ ಮೇಲೆ ಒಂದು ಕೆಂಪು ಗೆರೆ, ತೆಳ್ಳಗೆ, ನೋಡುನೋಡುತ್ತ ಉದ್ದವಾಯಿತು. ಏನಾಯ್ತಪ್ಪ? ಏನಿಲ್ಲ ಸಾರ್, ಗುಳ್ಳೆ ಒಡೀತು. ಓ, ಸರಿ ಸರಿ. ಮತ್ತೆ ಕಣ್ಣು ಮುಚ್ಚಿಕೊಂಡರು ಪುಣ್ಯಾತ್ಮರು. ಅವರ ಮುಂದೆ ಅವನು ಆಡಿದ ಮೊದಲನೇ ಸುಳ್ಳು ಅದು. ನಾಳೆ ಶನಿವಾರ.

ಸುಮ್ನೆ ಯಾಕಣ್ಣ ತಲೆ ಕೆಡಿಸ್ಕೊಳ್ತೀಯ, ಪರೀಕ್ಷೆ ಮಾಡೇಬಿಡೋಣ, ಹಿಡ್ಕೋ ಇದನ್ನ, ಕಣ್ಣು ಮುಚ್ಚು — ಅಯ್ಯೋ, ಇದು ಮರೆತೇಹೋಗಿತ್ತು, ಈ ಅಂಗಡಿಯಲ್ಲಿ ಎಲ್ಲರಿಗೂ ಹೀಗೇ ಮಾಡುತ್ತಾನೆ, ರೀಲು ಗಿರಾಕಿಯ ಕೈಗೆ ಕೊಟ್ಟು, ದಾರದ ತುದಿ ಹಿಡಿದು ತಾನು ಬಾಗಿಲವರೆಗೆ ಹೋಗಿ, ಮೀನಿನ ಹಾಗೆ ಒಂದು ಸಲ ಜಗ್ಗುತ್ತಾನೆ, ಗಿರಾಕಿ ಬಂತು ಅನ್ನಬೇಕು, ನಗೆಯಾಟ, ಎಲ್ಲರೂ ನಗುತ್ತಾರೆ. ಬೇಡ ಗಂಟಣ್ಣ, ಬಿಳೀದನ್ನೇ ಕೊಡು, ಸಲೂನು ಹಾಗೇ ಬಿಟ್ಟು ಬಂದಿದೀನಿ. ಒಂದ್ನಿಮಿಷ ಇರಣ್ಣ, ಓಡಿಹೋಗುತ್ತಾ ನಿನ್ನ ಸಲೂನು? ಮೊದಲು ನೈಲಾನು. ಕಣ್ಣು ಮುಚ್ಚಿದ, ಪೂರ್ತಿ ಮುಚ್ಚಲಿಲ್ಲ, ರೆಪ್ಪೆಯ ಸಂದಿಯಲ್ಲಿ ಗಂಟಣ್ಣನ ಮೊಣಕೈ ಕಾಣುತ್ತದೆ, ಮೊಣಕೈ ಅಲ್ಲಾಡಿತು, ಬಂತು! ಭಲೇ, ನೈಲಾನಲ್ಲೇ ಗೊತ್ತಾಯ್ತಲ್ಲೋ ನಿಂಗೆ. ಥೂ, ಯಾರಿಗೆ ಮೋಸ ಮಾಡುತ್ತಿದ್ದೀಯ ನೀನು. ಈಗ ಬಿಳೀದು, ಹತ್ತು ಪೌಂಡು ತೂಕ ತಡೆಯೋದು, ಬಲಗೈ ಬೆರಳ ಮೇಲೆ ಸುಮ್ನೆ ಇಟ್ಕೋ ಅಣ್ಣ, ಸುತ್ಕೋಬೇಡ, ಕುಯ್ಯುತ್ತೆ ಇದು. ಹೂಂ. ಈ ಸಲ ನಿಜವಾಗಿ ಮುಚ್ಚುತ್ತೇನೆ, ನಿಜವಾಗಿ ತಿಳಿಯಬೇಕು, ಹಿಗ್ಗದ ದಾರ, ಎಂಟು ಎಳೆ, ಇದರಲ್ಲಿ ತಿಳಿದರೆ ತಪ್ಪು ದಾರದ್ದು, ನಾಳೆ ಕತ್ತಿಯೂ ಸರಿ, ಮೇಷ್ಟ್ರೂ ಸರಿ, ಎಲ್ಲ ಸರಿ, ಆದರೆ ಸುಮ್ಮನೆ ಇಟ್ಟು ತಿಳಿಯದಿದ್ದರೆ, ಬೆರಳಿಗೆ ಒಂದೇ ಒಂದು ಸುತ್ತು, ಗಂಟಣ್ಣ ಬೆನ್ನು ತಿರುಗಿಸಿ ಬಾಗಿಲಿಗೆ ನಡೆಯುತ್ತಿದ್ದಾನೆ, ಒಂದು ಸುತ್ತು, ಇನ್ನೊಂದು, ಆಯಿತು, ಕಣ್ಣು ಮುಚ್ಚಿದೆ. ಕತ್ತಲೆ. ಫ್ಯಾನಿನ ಕಿರಕಿರ, ಹೊರಗೆ ಬಸ್ಸು ನಿಂತಿತು, ಹೊರಟಿತು, ಮೈಯೆಲ್ಲ ಬೆರಳಿಗಿಳಿದು ಕೂತಿದೆ, ಬೆರಳು ಎಲ್ಲಿದೆ, ಇದೆಯೇ, ಅದೋ, ಏನೋ ಟಕ್ ಅಂದಹಾಗಾಯಿತು, ಬಂತು! ಗಂಟಣ್ಣ ಗೊಳ್ಳೆಂದು ನಕ್ಕ, ಇನ್ನೂ ಎಳೆದೇ ಇಲ್ಲ ಅಣ್ಣ, ಅಷ್ಟೊಂದು ಅವಸರ ಯಾಕೆ! ತಮಾಷೆಗೆ ಹೇಳಿದೆನಪ್ಪ, ಎಳಿ, ಎಳಿ. ಮತ್ತೆ ಕತ್ತಲೆ. ಬಾ, ಒಂದೇ ಒಂದು ಟಕ್, ನನ್ನಪ್ಪ, ಒಂದೇ ಒಂದು, ಮೂರು ಮೀನೂ ಬೇಡ, ಇನ್ನು ಮೀನೇ ಬೇಡ, ದೋಣಿ ಮಾರಿಬಿಡುತ್ತೇನೆ, ಟಕ್ ಅನ್ನು ಸಾಕು, ಬಂತೇ, ಇಲ್ಲ, ಅವಸರ ಬೇಡ, ಗಂಟಣ್ಣ ಇನ್ನೂ ಎಳೆದಿಲ್ಲ, ಆಟವಾಡಿಸುತ್ತಿದ್ದಾನೆ, ಎಳೆದರೆ ತಿಳಿಯುತ್ತದೆ, ಎಳೆದಿಲ್ಲ, ಎಷ್ಟು ಹೊತ್ತು ಮಾಡುತ್ತಾನೆ, ಎಳೆಯೋ ಮಾರಾಯ — ಅಣ್ಣ. ಹೂಂ. ಅಣ್ಣ, ಜೋರಾಗೇ ಎಳೀತಾ ಇದ್ದೆನಲ್ಲೋ, ನೀನು ಬಂತು ಅನ್ನಲೇ ಇಲ್ಲ. ಧ್ವನಿ ಹತ್ತಿರ ಬಂದಿದೆ, ನಗು ಇಲ್ಲ ಅದರಲ್ಲಿ. ಕಣ್ಣು ಬಿಡಣ್ಣ. ಬಿಡುವುದಿಲ್ಲ. ಕಣ್ಣು ಬಿಡೋ. ಬಿಟ್ಟ. ಗಂಟಣ್ಣ ಅವನ ಕೈ ನೋಡುತ್ತಿದ್ದಾನೆ, ಮುಖ ನೋಡುತ್ತಿದ್ದಾನೆ, ಮತ್ತೆ ಕೈ, ಆಮೇಲೆ ಗಂಟಣ್ಣನ ಅಂಗೈ ತನ್ನಷ್ಟಕ್ಕೆ ತಾನೇ ಮೇಲೆದ್ದು ಕುತ್ತಿಗೆಯನ್ನು ಮುಟ್ಟಿ ನೋಡಿಕೊಂಡಿತು, ಬುಧವಾರ ಸಲೂನಿನಲ್ಲಿ ಅವನ ಕತ್ತಿ ನುಣ್ಣಗೆ ಮಾಡಿ ಕಳಿಸಿದ ತನ್ನ ಕುತ್ತಿಗೆಯನ್ನು. ನೋಯ್ತಿಲ್ವಾ ನಿಂಗೆ? ನೋಯುತ್ತಿಲ್ಲ. ನಾಳೆ ಒಂಬತ್ತಕ್ಕೆ ಮೇಷ್ಟ್ರು ಬರುತ್ತಾರೆ, ಒರಗುತ್ತಾರೆ, ಕಣ್ಣು ಮುಚ್ಚುತ್ತಾರೆ, ನೊರೆ ಹಚ್ಚಬೇಕು, ಬಿಳೀ ನೊರೆ, ದಾರ ಬೆರಳೊಳಗೆ ಇಳಿದಿದೆ, ಬಿಳೀ ದಾರ, ಅದರ ಮೇಲೆ ಕೆಂಪು, ತೆಳ್ಳಗೆ, ಎಳೆಯಿಂದ ಎಳೆಗೆ, ಉದ್ದವಾಗುತ್ತಿದೆ, ಬಿಳಿಯ ಮೇಲೆ ಕೆಂಪು ಗೆರೆ, ಬಿಳಿಯ ಮೇಲೆ ಒಂದು ಕೆಂಪು ಗೆರೆ